ಹೂವು ಉಸಿರಾಡುವ ಲೆಕ್ಕ

ನಮ್ಮ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ಸಿನ ದವಡೆಗೆ ಮಡಕೆಯ ಚೂರೊಂದು ಸಿಕ್ಕಿದ ದಿನ ನನಗೆ ಇವತ್ತಿಗೂ ಹಸಿರಾಗಿದೆ. ವರ್ಷಗಟ್ಟಲೆ ಆ ಕ್ಯಾಲಿಪರ್ಸ್ ಅಳೆದದ್ದು ಒಂದೇ ಹಿತ್ತಾಳೆ ಗುಂಡನ್ನು. ಅದರ ವ್ಯಾಸ ಎಷ್ಟೆಂದು ಎಲ್ಲರಿಗೂ ಬಾಯಿಪಾಠ. ಆ ದಿನ ಮಾತ್ರ ಹೂವಿನ ಹಡಗಲಿ ಕಡೆಯ ಒಬ್ಬಳು ಹುಡುಗಿ, ಕೆಂಪಗೆ ಬೆಂದ ಒಂದು ಚೂರನ್ನು ಹಪ್ಪಳ ಹಿಡಿದಷ್ಟು ನಾಜೂಕಾಗಿ ಹಿಡಿದು, ದವಡೆಯನ್ನು ಮೆಲ್ಲಗೆ ಮುಚ್ಚಿದಳು. 7.2 ಮಿಲಿಮೀಟರ್. ಚೂರನ್ನು ತಿರುಗಿಸಿ ಇನ್ನೊಂದು ಅಂಚು ಅಳೆದಳು. "ಇಲ್ಲಿ ಆರೇ ಐತ್ರಿ ಸರ್" ಎಂದಳು. ಆಮೇಲೆ ಸುಮ್ಮನಾದಳು. ಒಳಮೈಯ ಮೇಲೆ ಉಗುರು ಆಡಿಸಿದಳು, ಹೊರಮೈಯ ಮೇಲೆ ಆಡಿಸಿದಳು, ಚೂರನ್ನು ನಾಲಿಗೆಗೆ ತಾಗಿಸಿದಳು. ಬೆಂದ ಮಣ್ಣು ನಾಲಿಗೆಯ ಪಸೆಯನ್ನು ಎಳೆದುಕೊಂಡು ಕಚ್ಚಿ ಹಿಡಿಯಿತು. "ಕುಡೀತದ್ರಿ ಇದು" ಎಂದಳು, ಕಣ್ಣರಳಿಸಿ.

ಸಂಗೀತ ಬಲ್ಲವರು ಒಂದು ಗಮಕಕ್ಕಾಗಿ ಇಡೀ ಕಛೇರಿ ಕಾಯುತ್ತಾರಂತೆ. ನಾನು ಕಾಯುವುದು ಇಂಥ ಗಳಿಗೆಗೆ. ಅಳತೆ ಮುಗಿದು, ಉತ್ತರ ಇನ್ನೂ ಹುಟ್ಟದೆ, ಕೈಯಲ್ಲಿರುವ ವಸ್ತು ತಲೆಯೊಳಗಿನ ಸೂತ್ರವನ್ನು ಮೆಲ್ಲಗೆ ಮುಟ್ಟುತ್ತದಲ್ಲ, ಆ ನಡುವಿನ ಮೌನಕ್ಕೆ. ಭೌತಶಾಸ್ತ್ರ ಕಲಿಸುತ್ತ ನಾನು ಕಂಡ ಚೆಲುವುಗಳಲ್ಲಿ ಇದಕ್ಕಿಂತ ಮಿಗಿಲಾದದ್ದು ಇನ್ನೊಂದಿಲ್ಲ.

ಆ ವರ್ಷ ನಾನು ಕೊಟ್ಟಿದ್ದ ಸಮಸ್ಯೆ ಒಂದೇ ಸಾಲಿನದು. ನಸುಕಿನಲ್ಲಿ ಕೊಯ್ದ ಮಲ್ಲಿಗೆ ಮೊಗ್ಗು ಸಂಜೆಯ ಸಂತೆಗೆ ಬಾಡದೆ ತಲುಪಬೇಕು. ಕರೆಂಟು ಇಲ್ಲ, ಐಸು ಇಲ್ಲ. ಬಳ್ಳಾರಿ ಸೀಮೆಯ ಏಪ್ರಿಲ್. ನೆರಳಿನಲ್ಲೇ 38 ಡಿಗ್ರಿ. ದತ್ತಾಂಶ ಕೊಡಲಿಲ್ಲ, ಸೂತ್ರದ ಸುಳಿವು ಕೊಡಲಿಲ್ಲ, ಯಾವ ಅಧ್ಯಾಯದ್ದೆಂದೂ ಹೇಳಲಿಲ್ಲ. ಪಠ್ಯದ ಲೆಕ್ಕ ಬಿತ್ತಿ ಬೆಳೆದು ಕುಯಿಲಿಗೆ ಬಂದ ಹೊಲದಂತೆ. ಇದು ಬೀಳು ಬಿದ್ದ ನೆಲ. ಎಲ್ಲಿಂದ ಉಳಬೇಕೆಂಬುದೇ ಮೊದಲ ಪ್ರಶ್ನೆ.

ತಂಡದಲ್ಲಿ ನಾಲ್ವರು. ಕ್ಯಾಲಿಪರ್ಸ್ ಹಿಡಿದವಳ ಮನೆಯಲ್ಲಿ ಮಲ್ಲಿಗೆ ತೋಟವಿತ್ತು. ಉಡುಪಿಯ ಶಂಕರಪುರದ ಕಡೆಯಿಂದ ಬಂದ ಇನ್ನೊಬ್ಬಳು, ಬಾಳೆನಾರಿನಲ್ಲಿ ಹೂ ಕಟ್ಟುವ ಅಜ್ಜಿಯ ತೊಡೆಯ ಬಳಿ ಕೂತು ಬೆಳೆದವಳು. ಸಸ್ಯಶಾಸ್ತ್ರವನ್ನು ಪ್ರಾಣದಂತೆ ಓದುವ ಒಬ್ಬ ಮಾತು ಕಮ್ಮಿಯ ಹುಡುಗ. ಮತ್ತು ಸಮೀಕರಣ ಕಂಡರೆ ಮುಖ ಬೆಳಗುವ ಇನ್ನೊಬ್ಬ. ಅವನ ಬರಹ ಅದೆಷ್ಟು ಚೆಂದವೆಂದರೆ, ಬೋರ್ಡಿನ ಮೇಲೆ ಅವನು ಬರೆದ ಅವಕಲನ ಚಿಹ್ನೆಯನ್ನು ಒರೆಸಲು ನನಗೆ ಮನಸ್ಸಾಗುತ್ತಿರಲಿಲ್ಲ.

1981ರಲ್ಲಿ ಅಮೆರಿಕದ ಮಿಶೆಲಿನ್ ಚಿ, ಪಾಲ್ ಫೆಲ್ಟೊವಿಚ್ ಮತ್ತು ರಾಬರ್ಟ್ ಗ್ಲೇಸರ್ ಒಂದು ಸೊಗಸಾದ ಅಧ್ಯಯನ ಪ್ರಕಟಿಸಿದರು. ಭೌತಶಾಸ್ತ್ರದ ಲೆಕ್ಕಗಳನ್ನು ಕೊಟ್ಟು, ಒಂದೇ ಬಗೆಯವನ್ನು ಒಟ್ಟಿಗೆ ಗುಂಪು ಮಾಡಿ ಎಂದರು. ಹೊಸಬರು ಕಣ್ಣಿಗೆ ಕಂಡದ್ದನ್ನು ಹಿಡಿದರು: ಇಳಿಜಾರು ಹಲಗೆಯವೆಲ್ಲ ಒಂದು ಕಡೆ, ಸ್ಪ್ರಿಂಗಿನವೆಲ್ಲ ಇನ್ನೊಂದು ಕಡೆ. ಪಳಗಿದವರು ಒಳಗಿನ ನಿಯಮವನ್ನು ಹಿಡಿದರು: ಇವು ಶಕ್ತಿ ಸಂರಕ್ಷಣೆಯವು, ಅವು ನ್ಯೂಟನ್ನನ ಎರಡನೇ ನಿಯಮದವು. ನನ್ನ ಆಸೆ ಇದಕ್ಕೂ ಒಂದು ಹೆಜ್ಜೆ ಮುಂದಿನದು. ಲೆಕ್ಕವೇ ಇಲ್ಲದ ಕಡೆ, ಬರಿಯ ಹೂವು ಮಣ್ಣು ಬಿಸಿಲು ಇರುವ ಕಡೆ, ಆ ಒಳಗಿನ ನಿಯಮವನ್ನು ಮಕ್ಕಳು ಹೇಗೆ ವಾಸನೆ ಹಿಡಿಯುತ್ತಾರೆ ಎಂದು ನೋಡುವುದು.

ಮೊದಲು ಬಂದದ್ದು ಥರ್ಮೊಕೋಲ್ ಪೆಟ್ಟಿಗೆ. ಎಲ್ಲ ತಂಡಗಳಿಗೂ ಮೊದಲು ಬರುವುದು ಅದೇ. ತಂಪು ಎಂದೊಡನೆ ಐಸ್‌ಕ್ರೀಮ್ ಡಬ್ಬಿ ಕಣ್ಣಮುಂದೆ ನಿಲ್ಲುತ್ತದೆ. ಒಳಗೆ ತಂಪೇ ಇಲ್ಲದಿದ್ದಾಗ ಪೆಟ್ಟಿಗೆ ಕಾಯುವುದೇನನ್ನು ಎಂದು ಹಡಗಲಿಯವಳು ಕೇಳಿದ ಮೇಲೆ ಅದು ಮೂಲೆ ಸೇರಿತು. ಆಗ ಲ್ಯಾಬಿನ ಕಿಟಕಿಯ ಬಳಿ, ಯಾರೋ ಕುಡಿಯಲೆಂದು ತುಂಬಿಟ್ಟಿದ್ದ ಹೂಜಿಯತ್ತ ಸಸ್ಯಶಾಸ್ತ್ರದ ಹುಡುಗ ನೋಡಿದ. ನಾಲ್ವರೂ ನೋಡಿದರು.

ಬೇಸಿಗೆಯ ಹೂಜಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಹೆಗಲಿನ ಭಾಗ ತೆಳು ಗುಲಾಬಿಯಾಗಿ ಒಣಗಿರುತ್ತದೆ. ಹೊಟ್ಟೆಗೆ ಇಳಿದಂತೆ ಬಣ್ಣ ಗಾಢವಾಗುತ್ತದೆ. ಹಣ್ಣಾದ ಅಡಿಕೆಯ ಬಣ್ಣ, ಆಮೇಲೆ ಒದ್ದೆ ಇಟ್ಟಿಗೆಯ ಬಣ್ಣ. ಬುಡದಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಹನಿಗಳು ನಿಂತಿರುತ್ತವೆ, ಉದುರಲೋ ಬೇಡವೋ ಎಂಬಂತೆ. ಕೈಯಿಟ್ಟರೆ ಆ ತಂಪು ಐಸಿನ ಹಾಗೆ ಚುಚ್ಚುವುದಿಲ್ಲ. ಅಂಗೈಗೆ ಮೆತ್ತಗೆ ಒತ್ತಿಕೊಳ್ಳುತ್ತದೆ. ಆ ತಂಪಿಗೆ ಮಣ್ಣಿನ ವಾಸನೆಯೂ ಇದೆ, ಮೊದಲ ಮಳೆಯ ವಾಸನೆಯ ತಂಗಿಯಂಥದ್ದು.

ಸಮೀಕರಣದ ಹುಡುಗ ಅದನ್ನು ಲೆಕ್ಕಕ್ಕೆ ಎಳೆದ. 30 ಡಿಗ್ರಿಯ ಆಸುಪಾಸಿನಲ್ಲಿ ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು 2,430 ಕಿಲೋಜೂಲ್ ಶಾಖ ಬೇಕು. ಒಂದು ಲೀಟರ್ ನೀರನ್ನು 10 ಡಿಗ್ರಿ ತಂಪಾಗಿಸಲು ತೆಗೆಯಬೇಕಾದ ಶಾಖ 42 ಕಿಲೋಜೂಲ್. ಭಾಗಿಸಿದರೆ 17 ಗ್ರಾಂ ಚಿಲ್ಲರೆ. "ಮೂರು ಟೀ ಚಮಚ ನೀರು ಹಾರಿದ್ರೆ ಒಂದು ಲೀಟರು ತಣ್ಣಗಾಯ್ತು!" ಎಂದು ತನಗೆ ತಾನೇ ಹೇಳಿಕೊಂಡ. ಗುಪ್ತೋಷ್ಣ ಎಂಬ ಪದವನ್ನು ಅವನು ಪಿಯುಸಿಯಿಂದ ಬಲ್ಲ. ಆ ಗುಪ್ತ ಎಷ್ಟು ದೊಡ್ಡದೆಂದು ತಿಳಿದದ್ದು ಆ ಮೂರು ಚಮಚದಲ್ಲಿ.

ಆದರೆ ಹೊರಗಿನ ಬಿಸಿ ಒಳಗೆ ಬರುತ್ತಲೇ ಇರುತ್ತದಲ್ಲ, ಅದೆಷ್ಟು? ಅವನು ಪರೀಕ್ಷೆಯ ಅಭ್ಯಾಸದಿಂದ "ವಿಕಿರಣವನ್ನು ಅಲಕ್ಷಿಸಿ" ಎಂದು ಬರೆದ. ನಾನು ಬಾಯಿ ತೆರೆಯುವ ಮೊದಲೇ ಶಂಕರಪುರದವಳು, "ಅದು ಯಾರು ಹೇಳಿದ್ದು ನಿನಗೆ? ಲೆಕ್ಕ ಹಾಕಿ ನೋಡು ಮಾರಾಯ" ಎಂದಳು. ಅವನು ಹಾಕಿದ. ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದಿಂದ, ಕೋಣೆಯ ತಾಪದಲ್ಲಿ ಪ್ರತಿ ಚದರ ಮೀಟರಿಗೆ ಪ್ರತಿ ಡಿಗ್ರಿಗೆ 5ರಿಂದ 6 ವ್ಯಾಟ್. ನಿಂತ ಗಾಳಿ ಮುಟ್ಟಿ ಕೊಡುವ ಶಾಖವೂ ಹೆಚ್ಚುಕಮ್ಮಿ ಅಷ್ಟೇ. ಅಲಕ್ಷಿಸುವುದೆಂದರೆ ಅರ್ಧ ಶಾಖವನ್ನೇ ಮರೆತಂತೆ! ಅವನ ಮುಖದಲ್ಲಿ ಒಂದು ಬೆರಗು ಮೂಡಿತು. ಹೂಜಿಯ ಎದುರಿಗೆ ಕಾದು ನಿಂತಿದ್ದ ತಗಡಿನ ಬೀರುವಿನತ್ತ ತಿರುಗಿ ನೋಡಿದ. ಎದ್ದು ಹೋಗಿ ಹೂಜಿಯನ್ನು ಸುಣ್ಣ ಹೊಡೆದ ತಂಪು ಗೋಡೆಯ ಕಡೆಗೆ ಸರಿಸಿದ. ಒಂದು ಸಮೀಕರಣ ಎದ್ದು ನಿಂತು, ನಡೆದು ಹೋಗಿ, ಎರಡು ಕೈಯಿಂದ ಮಡಕೆ ಎತ್ತಿಟ್ಟಿತು. ನಾನು ಕಂಡದ್ದು ಅದನ್ನೇ.

ಮರುದಿನ ಹೂಜಿಯನ್ನು ತಕ್ಕಡಿಯ ಮೇಲೆ ಇಟ್ಟರು. ಗಂಟೆಗೆ 40 ಗ್ರಾಂ ಕಮ್ಮಿಯಾಗುತ್ತಿತ್ತು. ನೀರಿನ ತಾಪ 27ಕ್ಕೆ ಬಂದು ನಿಂತಿತ್ತು, ಹೊರಗೆ 38. ಆ 40 ಗ್ರಾಂ ಹೊತ್ತೊಯ್ಯುವ ಶಾಖವನ್ನು ಲೆಕ್ಕ ಹಾಕಿದರೆ 27 ವ್ಯಾಟ್. ಹೊರಗಿಂದ ಬರುವ ಶಾಖ: ಕಾಲು ಚದರ ಮೀಟರ್ ಮೈ, 11 ಡಿಗ್ರಿ ಅಂತರ, ಡಿಗ್ರಿಗೆ ಸುಮಾರು 10 ವ್ಯಾಟ್, ಗುಣಿಸಿದರೆ 27 ಚಿಲ್ಲರೆ. ಎರಡು ದಾರಿಯಲ್ಲಿ ನಡೆದವರು ಒಂದೇ ಕಟ್ಟೆಗೆ ಬಂದು ಕೂತ ಹಾಗೆ. ಸಸ್ಯಶಾಸ್ತ್ರದ ಹುಡುಗ ನಮ್ಮ ಲ್ಯಾಬಿನ 25 ವ್ಯಾಟಿನ ಸೋಲ್ಡರಿಂಗ್ ಐರನ್ ತೋರಿಸಿ ಕೇಳಿದ: "ಅಂದ್ರೆ ಇದನ್ನ ದಿನವೆಲ್ಲ ಉರಿಸಿದ್ರೆ ಬರೋ ಬಿಸಿಯನ್ನ ಈ ಹೂಜಿ ಸುಮ್ಮನೆ ಕೂತು ಹೊರಗೆ ಹಾಕ್ತಾ ಇದೆಯಾ?" ಹೌದು. ಸುಮ್ಮನೆ ಕೂತು. ಎಂಥ ಘನತೆಯ ಯಂತ್ರ ಅದು! ಚಕ್ರವಿಲ್ಲ, ಸದ್ದಿಲ್ಲ, ತಿರುಗುವ ಒಂದು ತುಣುಕೂ ಇಲ್ಲ.

ಇಲ್ಲಿಗೆ ಸಮಸ್ಯೆ ಬಗೆಹರಿಯಿತು ಎಂದೇ ಮೂವರು ನಂಬಿದ್ದರು. ಶಂಕರಪುರದವಳು ಮಾತ್ರ ತಲೆ ಅಲ್ಲಾಡಿಸುತ್ತಿದ್ದಳು. "ಸರ್, ನಮ್ಮ ಊರಿನಲ್ಲಿ ಹೂಜಿ ಇಷ್ಟು ತಣ್ಣಗಾಗುವುದೇ ಇಲ್ಲ. ಆದರೂ ನಮ್ಮ ಮಲ್ಲಿಗೆ ಮುಂಬಯಿವರೆಗೆ ಹೋಗ್ತದೆ."

ಎರಡು ವಾಕ್ಯ. ಇವನ್ನು ನಾನು ಎಷ್ಟು ಸಲ ನೆನೆಸಿಕೊಂಡಿದ್ದೇನೋ. ಮೊದಲನೆಯದು ಭೌತಶಾಸ್ತ್ರವನ್ನು ತಡೆದು ನಿಲ್ಲಿಸಿತು. ಎರಡನೆಯದು ಪ್ರಶ್ನೆಯನ್ನೇ ಮಗುಚಿ ಹಾಕಿತು.

ಮೊದಲನೆಯದಕ್ಕೆ ಅವರು ಕಂಡುಕೊಂಡ ಉತ್ತರ ಚೆಂದದ್ದು. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಬೀಸಿದರೆ ಅದು ಎಲ್ಲಿಗೆ ಇಳಿಯುತ್ತದೋ, ಯಾವ ಹೂಜಿಯೂ ಅದಕ್ಕಿಂತ ಕೆಳಗೆ ಇಳಿಯಲಾರದು. ಬಳ್ಳಾರಿ ಕಡೆಯ 38 ಡಿಗ್ರಿ, ನೂರಕ್ಕೆ 25ರಷ್ಟು ತೇವಾಂಶದಲ್ಲಿ ಆ ಒದ್ದೆ ಬಟ್ಟೆ ತೋರಿಸುವುದು ಸುಮಾರು 23. ಕರಾವಳಿಯ 33 ಡಿಗ್ರಿ, 75ರಷ್ಟು ತೇವಾಂಶದಲ್ಲಿ ತೋರಿಸುವುದು ಸುಮಾರು 29. ನಮ್ಮಲ್ಲಿ 15 ಡಿಗ್ರಿಯ ಆಟ, ಅಲ್ಲಿ ನಾಲ್ಕರದು. ಆ ಗಾಳಿ ಆಗಲೇ ಬಹುಪಾಲು ತೃಪ್ತವಾಗಿದೆ, ಇನ್ನಷ್ಟು ನೀರು ಕುಡಿಯಲು ಅದಕ್ಕೆ ಹೆಚ್ಚು ದಾಹವಿಲ್ಲ. ಉತ್ತರ ನೈಜೀರಿಯಾದ ಮೊಹಮ್ಮದ್ ಬಾ ಅಬ್ಬಾ ಅವರು ಮಡಕೆಯೊಳಗೆ ಮಡಕೆಯಿಟ್ಟು ನಡುವೆ ಒದ್ದೆ ಮರಳು ತುಂಬಿ ತರಕಾರಿ ಕಾಯ್ದ ಬಗೆಗೆ 2000ದಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಆ ಮಡಕೆಯ ಹಿರಿಮೆ ಅರ್ಧ ಅವರ ಜಾಣ್ಮೆಯದು, ಅರ್ಧ ಅಲ್ಲಿನ ಒಣಗಾಳಿಯದು. ಒಂದು ವಿನ್ಯಾಸಕ್ಕೆ ಊರು ಇರುತ್ತದೆ ಎಂದು ಮಕ್ಕಳು ಕಲಿತದ್ದು ಹೀಗೆ, ಒಂದು ಒದ್ದೆ ಬಟ್ಟೆಯಿಂದ.

ಎರಡನೆಯ ವಾಕ್ಯ ಇನ್ನೂ ಆಳಕ್ಕೆ ಇಳಿಯಿತು. ತಂಪಿಲ್ಲದೆಯೂ ಹೂವು ಮುಂಬಯಿ ಸೇರುತ್ತದೆಂದರೆ ನಮ್ಮ ಪ್ರಶ್ನೆ ತಂಪಿನದೇ ಹೌದೆ? "ಅಜ್ಜಿ ಬಾಳೆ ಎಲೆಯಲ್ಲಿ ಸುತ್ತುತ್ತಾರೆ. ಎಲೆಯ ಮೇಲೆ ಮೇಣ ಇರ್ತದಲ್ಲ, ನೀರು ಹೊರಗೆ ಹೋಗುವುದಿಲ್ಲ" ಎಂದಳು. ಸಸ್ಯಶಾಸ್ತ್ರದ ಹುಡುಗ ಮೊದಲ ಬಾರಿಗೆ ಒಂದೇ ಉಸಿರಿಗೆ ನಾಲ್ಕು ಮಾತಾಡಿದ: ಕೊಯ್ದ ಹೂವಿಗೆ ಬೇರಿಲ್ಲ, ಕುಡಿಯಲು ದಾರಿಯಿಲ್ಲ, ಎಸಳಿನಿಂದ ನೀರು ಹಾರುವುದು ಮಾತ್ರ ನಿಲ್ಲುವುದಿಲ್ಲ, ಬಾಡುವುದೆಂದರೆ ಅದೇ. ಹಾಗಾದರೆ ನಮಗೆ ಬೇಕಾದದ್ದು ಇಷ್ಟು: ಹೊರಗೆ ನೀರು ಧಾರಾಳವಾಗಿ ಹಾರಬೇಕು, ಒಳಗೆ ಒಂದು ಹನಿಯೂ ಹಾರಬಾರದು. ಹೂಜಿಯ ಹೊರಮೈಗೆ ಒಣಗಾಳಿ, ಒಳಮೈಗೆ ಆಷಾಢದ ಗಾಳಿ. ಒಂದೇ ಗೋಡೆಯ ಎರಡು ಬದಿಗೆ ಎರಡು ಋತು!

ಕೀಸ್ ಡಾರ್ಸ್ಟ್ ಮತ್ತು ನೈಜೆಲ್ ಕ್ರಾಸ್ 2001ರಲ್ಲಿ ಬರೆದ ಪ್ರಬಂಧವೊಂದು ನನಗೆ ಬಹಳ ಪ್ರಿಯ. ಒಂಬತ್ತು ಜನ ಅನುಭವಿ ವಿನ್ಯಾಸಕಾರರಿಗೆ ನೆದರ್ಲ್ಯಾಂಡ್ಸ್‌ನ ರೈಲುಗಳಲ್ಲಿ ಕಸ ಹಾಕುವ ವ್ಯವಸ್ಥೆ ರೂಪಿಸಲು ಹೇಳಿ, ಅವರು ಯೋಚಿಸುವ ಬಗೆಯನ್ನು ಹೆಜ್ಜೆ ಹೆಜ್ಜೆಗೂ ದಾಖಲಿಸಿದರು. ಸಮಸ್ಯೆ ಮೊದಲು ಗಟ್ಟಿಯಾಗಿ ನಿಂತು ಪರಿಹಾರ ಆಮೇಲೆ ಬರುವುದಿಲ್ಲ; ಎರಡೂ ಒಂದನ್ನೊಂದು ತಿದ್ದುತ್ತ ಜೊತೆಜೊತೆಯಾಗಿ ಬೆಳೆಯುತ್ತವೆ ಎಂಬುದು ಅವರು ಕಂಡ ಮಾತು. ನೇಯ್ಗೆಯವರು ಇದನ್ನು ಓದಿದರೆ ತಲೆದೂಗಿಯಾರು. ಹಾಸು ಇದ್ದಲ್ಲೇ ಇದ್ದರೂ ಹೊಕ್ಕು ಬಂದ ಮೇಲಲ್ಲವೇ ಅದು ಸೀರೆಯ ಬಣ್ಣ ತಳೆಯುವುದು. ಆ ಮಧ್ಯಾಹ್ನ ನನ್ನ ಲ್ಯಾಬಿನಲ್ಲಿ ಲಾಳಿ ಎಡಕ್ಕೂ ಬಲಕ್ಕೂ ಓಡುತ್ತಿತ್ತು.

ಮಡಕೆಗಾಗಿ ಮಕ್ಕಳು ಕುಂಬಾರರ ಮನೆಗೆ ಹೋದರು, ನಾನೂ ಜೊತೆಗೆ ಹೋದೆ. ಹಿರಿಯರು ತಿಗರಿಯ ಮುಂದೆ ಕೂತಿದ್ದರು. ಹೆಚ್ಚು ಬೆವರುವ ಮಡಕೆ ಬೇಕು ಎಂದು ಮಕ್ಕಳು ಕೇಳಿದರು. "ಮರಳು ಜಾಸ್ತಿ ಹಾಕಿದ್ರ ಬೆವರತೈತಿ. ಅತಿ ಹಾಕಿದ್ರ ಸೋರತೈತಿ. ಇನ್ನೂ ಹಾಕಿದ್ರ ಎತ್ತಾಗ ಕೈಯಾಗ ಬರತೈತಿ" ಎಂದರು ಅವರು. ಸಮೀಕರಣದ ಹುಡುಗ ಆ ಮೂರು ವಾಕ್ಯಗಳನ್ನು ಹಾಗೆಯೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಪಕ್ಕದಲ್ಲಿ ಒಂದು ವಕ್ರರೇಖೆ ಎಳೆದ: ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಆ ತುದಿಗೆ ಏನು ಹೆಸರಿಡಬೇಕೆಂದು ತಿಳಿಯದೆ ಪೆನ್ಸಿಲ್ ಕಚ್ಚಿದ. ಹಿರಿಯರು ಮಣ್ಣಿನ ಮುದ್ದೆಯನ್ನು ಹೆಬ್ಬೆರಳಿನಿಂದ ಒತ್ತುತ್ತ "ಹದ ಅಂತೀವ್ರಿ" ಎಂದರು. ಗ್ರಾಫಿನ ತುದಿಯಲ್ಲಿ ಅವನು ಬರೆದ: ಹದ.

ನಾವು ಹೊರಡುವಾಗ ಹಿರಿಯರು ಆವಿಗೆಯಿಂದ ತೆಗೆದ ಮಡಕೆಗಳನ್ನು ಬೆರಳ ಗಿಣ್ಣಿನಿಂದ ತಟ್ಟಿ ತಟ್ಟಿ ಆರಿಸಿದರು. ಚೆನ್ನಾಗಿ ಬೆಂದದ್ದು ಟಣ್ ಎನ್ನುತ್ತದೆ, ಬಿರುಕು ಬಿಟ್ಟದ್ದು ಮಂಕಾಗಿ ಡಬ್ಬೆನ್ನುತ್ತದೆ. ಬಿರುಕಿನ ಎರಡು ಅಂಚು ಒಂದಕ್ಕೊಂದು ಉಜ್ಜಿ ಕಂಪನವನ್ನು ನುಂಗುವುದರಿಂದ ಹೀಗೆ ಎಂದು ಹುಡುಗರು ದಾರಿಯುದ್ದಕ್ಕೂ ವಾದಿಸಿದರು. ಒಡೆದ ಒಂದರ ಚೂರನ್ನು ಹಡಗಲಿಯವಳು ಕೇಳಿ ಪಡೆದಳು. ಮೊದಲು ಹೇಳಿದ ಕ್ಯಾಲಿಪರ್ಸಿನ ಚೂರು ಅದೇ.

ಮೊದಲ ಮಾದರಿ ಸೋತಿತು. ಮಡಕೆಯೊಳಗೆ ಮಡಕೆ, ನಡುವೆ ಒದ್ದೆ ಮರಳು, ಒಳಗೆ ಕಾಲು ಕಿಲೋ ಮೊಗ್ಗು, ಬಾಯಿಗೆ ಒದ್ದೆ ಗೋಣಿ. ಸಂಜೆ ತೆಗೆದು ನೋಡಿದರೆ ಮೇಲಿನವು ಮುತ್ತಿನಂತಿವೆ, ಒಳಮೈಗೆ ತಾಗಿದವು ಮಾತ್ರ ಕಂದು ಬಣ್ಣಕ್ಕೆ ತಿರುಗಿವೆ. ಹಡಗಲಿಯವಳು ಒಂದು ಕಂದಿದ ಮೊಗ್ಗನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ತೇವದ ಗಾಳಿ ಬೇಕು, ತೇವದ ಗೋಡೆ ಬೇಡ. ನೀರು ಆವಿಯಾಗಿ ಮುಟ್ಟಿದರೆ ಹೂವಿಗೆ ಪ್ರಾಣ, ಹನಿಯಾಗಿ ಮುಟ್ಟಿದರೆ ಕೊಳೆ. ಮರುದಿನ ಅವಳು ಮನೆಯಿಂದ ಒಂದು ಸಿಂಬೆ ತಂದಳು, ಕೊಡ ಹೊರುವಾಗ ತಲೆಯ ಮೇಲಿಡುವ ಅದೇ ಸಿಂಬೆ, ಒಣಹುಲ್ಲು ಹೊಸೆದು ಸುತ್ತಿದ್ದು. ಅದನ್ನು ಒಳಮಡಕೆಯ ತಳದಲ್ಲಿ ಕೂರಿಸಿದಳು. ಶಂಕರಪುರದವಳು ಬಾಳೆ ಎಲೆಯನ್ನು ಬೆಂಕಿಗೆ ಹಿಡಿದು ಬಾಡಿಸಿ, ಬಿರಿಯದ ಹಾಗೆ ಬಾಗಿಸಿ, ಸಿಂಬೆಯ ಮೇಲೆ ಬಟ್ಟಲಿನಂತೆ ಹರಡಿದಳು. ಎಲೆಗೂ ಗೋಡೆಗೂ ನಡುವೆ ಒಂದು ಬೆರಳು ಅಂತರ. ತಲೆಯ ಮೇಲೆ ನೀರು ಹೊರಲು ಹುಟ್ಟಿದ ಸಿಂಬೆ ಮಡಕೆಯ ಹೊಟ್ಟೆಯೊಳಗೆ ಹೂ ಹೊತ್ತು ಕೂತಿತು. ಬಯಲುಸೀಮೆಯ ಹುಲ್ಲು, ಕರಾವಳಿಯ ಎಲೆ. ಆ ಜೋಡಣೆಯನ್ನು ನಾನು ಕೆಡಿಸದೆ, ಮೇಲಿಂದ ಬಗ್ಗಿ, ಬಾವಿ ಇಣುಕುವವನಂತೆ ನೋಡುತ್ತ ನಿಂತಿದ್ದೆ.

ಈಗ ಹೇಳಬೇಕಾದದ್ದಕ್ಕೆ ನಾನು ಇಷ್ಟು ಹೊತ್ತು ಕಾದೆ.

ಹಡಗಲಿಯವಳ ಮನೆಯಿಂದ ಆ ದಿನ ಒಂದು ದೊಡ್ಡ ಬುಟ್ಟಿ ತುಂಬ ಮೊಗ್ಗು ಬಂದಿತ್ತು. ತೂಕ ಮಾಡಲೆಂದು ಅವಳು ಬುಟ್ಟಿಯೊಳಗೆ ಕೈ ತೂರಿಸಿದಳು. ಮೊಣಕೈವರೆಗೆ ಬಿಳುಪಿನಲ್ಲಿ ಮುಳುಗಿದ ಕೈ ಹಾಗೇ ನಿಂತಿತು. "ಒಳಗ ಬೆಚ್ಚಗ ಐತಲ್ರಿ" ಎಂದಳು. ಸಮೀಕರಣದವನು ಬಂದು ಕೈಯಿಟ್ಟ. ಬೆಚ್ಚಗಿತ್ತು. ಅಂಚಿನ ಮೊಗ್ಗಿಗಿಂತ ನಡುವಿನ ಮೊಗ್ಗು ಬೆಚ್ಚಗಿತ್ತು. ಅವನು ಹುಬ್ಬು ಗಂಟಿಕ್ಕಿ ಬೋರ್ಡಿನತ್ತ ನೋಡಿದ. ಅಲ್ಲಿ ಅವನದೇ ಚಿತ್ರವಿತ್ತು: ಮಡಕೆಯೊಂದು, ಅದರ ಸುತ್ತಲಿಂದ ಒಳಗೆ ಬರುವ ಬಾಣಗಳು, ಹೊರಗೆ ಹೋಗುವ ಆವಿಯ ಬಾಣಗಳು. ಎಲ್ಲ ಬಾಣಗಳೂ ಗೋಡೆಯನ್ನು ದಾಟುತ್ತಿದ್ದವು. ಹೂವಿನಿಂದ ಹೊರಡುವ ಬಾಣ ಒಂದೂ ಇರಲಿಲ್ಲ.

"ಬಿಸಿ ಎಲ್ಲಿಂದ ಬಂತು?" ಎಂದು ಅವನು ಕೇಳಿದ, ಯಾರನ್ನೂ ಕೇಳದೆ.

ಸಸ್ಯಶಾಸ್ತ್ರದ ಹುಡುಗ ಕಿಟಕಿಯ ಕಡೆ ನೋಡುತ್ತ, ಎಲ್ಲರಿಗೂ ಗೊತ್ತಿರುವ ಮಾತು ಹೇಳುವವನಂತೆ, ಮೆಲ್ಲಗೆ ಹೇಳಿದ. "ಹೂವು ಉಸಿರಾಡ್ತದೆ."

ಲ್ಯಾಬಿನಲ್ಲಿ ಫ್ಯಾನಿನ ಸದ್ದು ಮಾತ್ರ. ಕೊಯ್ದ ಮೇಲೂ ಜೀವ ಹೋಗಿರುವುದಿಲ್ಲ. ಒಳಗಿನ ಸಕ್ಕರೆಯನ್ನು ಆಮ್ಲಜನಕದಲ್ಲಿ ಸವೆಸುತ್ತ, ಇಂಗಾಲದ ಡೈಆಕ್ಸೈಡನ್ನೂ ನೀರನ್ನೂ ಬಿಡುತ್ತ, ಮಿಕ್ಕ ಶಕ್ತಿಯನ್ನು ಶಾಖವಾಗಿ ಚೆಲ್ಲುತ್ತ, ಮೊಗ್ಗು ಸಂಜೆ ಅರಳುವ ತಯಾರಿಯಲ್ಲಿರುತ್ತದೆ. ತಾಪ 10 ಡಿಗ್ರಿ ಏರಿದರೆ ಈ ಉಸಿರಾಟ ಹೆಚ್ಚುಕಮ್ಮಿ ಇಮ್ಮಡಿ. ಬೆಚ್ಚಗಾದಷ್ಟೂ ಬೇಗ ಉಸಿರು, ಬೇಗ ಉಸಿರಾಡಿದಷ್ಟೂ ಬೆಚ್ಚಗೆ. ಸಮೀಕರಣದವನು ಸೀಮೆಸುಣ್ಣ ತೆಗೆದುಕೊಂಡ. ಆತುರವಿರಲಿಲ್ಲ. ಮಡಕೆಯ ನಟ್ಟನಡುವೆ ಒಂದು ಚುಕ್ಕಿ ಇಟ್ಟ. ಚುಕ್ಕಿಯಿಂದ ಹೊರಗೆ, ಎಸಳು ಬಿಡಿಸಿದಂತೆ, ಒಂದೊಂದಾಗಿ ಐದು ಬಾಣ ಎಳೆದ. ಆಮೇಲೆ ಸಮೀಕರಣದ ಕೊನೆಯಲ್ಲಿ ಒಂದು ಕೂಡಿಸುವ ಚಿಹ್ನೆ. ಚಿಹ್ನೆಯ ಮುಂದೆ ಕೈ ಒಂದು ಕ್ಷಣ ತಡೆಯಿತು. ಅಲ್ಲಿ ಅವನು ಗ್ರೀಕ್ ಅಕ್ಷರ ಬರೆಯಲಿಲ್ಲ, ಕನ್ನಡದಲ್ಲಿ 'ಉ' ಎಂದು ಬರೆದ. ಉಸಿರಿನ ಉ.

ಒಂದು ಶಾಸ್ತ್ರದ ತಿಳಿವು ಇನ್ನೊಂದು ಶಾಸ್ತ್ರದ ಸಮೀಕರಣದಲ್ಲಿ ಒಂದು ಪದವಾಗಿ ಬಂದು ಕೂರುವುದನ್ನು ನೀವು ಕಂಡಿದ್ದೀರಾ? ಬೇರೆ ಊರಿನಿಂದ ಬಂದ ಸೊಸೆ ಮೊದಲ ಬಾರಿ ದೀಪ ಹಚ್ಚಿದಾಗ ಮನೆಯ ಬೆಳಕೇ ಬೇರೆಯಾಗುತ್ತದಲ್ಲ, ಹಾಗೆ. ಆ 'ಉ' ಬಂದ ಮೇಲೆ ಹಿಂದಿನ ಪದಗಳಿಗೂ ಹೊಸ ಕಳೆ ಬಂತು. ತಂಪು ಎಂದರೆ ಬಿಸಿಯ ವಿರುದ್ಧದ ಕಾಪು ಎಂದಷ್ಟೇ ತಿಳಿದಿದ್ದವರಿಗೆ, ಅದು ಹೂವಿನ ಉಸಿರಿಗೆ ಹೇಳುವ ಜೋಗುಳವೂ ಹೌದೆಂದು ಕಂಡಿತು. ತಂಪಿನದು, ಬಾಡುವುದರದು, ಎರಡು ಪ್ರಶ್ನೆ ಮತ್ತೆ ಒಂದಾದವು.

ಇದರ ಬೆನ್ನಿಗೇ ಬಂದ ಇನ್ನೊಂದು ಗಳಿಗೆಯನ್ನು ಬಿಡಲಾರೆ, ಅದರ ಸೊಗಸು ಮೆಲುದನಿಯದು. ಅಷ್ಟು ಪ್ರೀತಿಯಿಂದ ಬರೆದ 'ಉ' ಎಷ್ಟು ದೊಡ್ಡದೆಂದು ಅವರು ಅಂದಾಜು ಮಾಡಿದರು. ಕಾಲು ಕಿಲೋ ಮೊಗ್ಗಿನ ಉಸಿರಿನ ಬಿಸಿ ಗೋಡೆ ದಾಟುವ 27 ವ್ಯಾಟಿನ ಮುಂದೆ ಏನೇನೂ ಅಲ್ಲ. ಹುಡುಗ ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ ಬರೆದ: ಸಣ್ಣ ಮಡಕೆಗೆ ಅಲಕ್ಷಿಸಬಹುದು. ಕೆಳಗೆ ಇನ್ನೊಂದು ಸಾಲು: ದೊಡ್ಡ ಬುಟ್ಟಿಗೆ ಅಲಕ್ಷಿಸುವಂತಿಲ್ಲ, ನಡುವಿನ ಬಿಸಿಗೆ ಹೊರಗೆ ಬರಲು ದಾರಿ ದೂರ. ಅಂದಿನಿಂದ ರಾಶಿ ಹಾಕುವುದನ್ನು ಬಿಟ್ಟು, ಎರಡು ಬೆರಳು ದಪ್ಪದ ಪದರಗಳಲ್ಲಿ ಹೂ ಹರಡಿದರು. ಎರಡು ವಾರದ ಹಿಂದೆ ವಿಕಿರಣವನ್ನು ಅಭ್ಯಾಸಬಲದಿಂದ ಅಲಕ್ಷಿಸಿದ ಅದೇ ಕೈ, ಈಗ ಅಳೆದು ತೂಗಿ, ಎಲ್ಲಿ ಬಿಡಬೇಕು ಎಲ್ಲಿ ಬಿಡಬಾರದು ಎಂದು ಬರೆಯುತ್ತಿತ್ತು. ಬರವಣಿಗೆ ಎಂದಿನಂತೆ ಮುದ್ದಾಗಿತ್ತು. ಅಲಕ್ಷಿಸಬಹುದು ಎಂಬ ಪದವನ್ನು ಅಷ್ಟು ಲಕ್ಷ್ಯ ಕೊಟ್ಟು ಬರೆದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಆ ಸಂಜೆ ಆರೂವರೆಗೆ ಮಡಕೆಯ ಗೋಣಿ ಸರಿಸಿದರು. ಬಾಳೆ ಎಲೆಯ ಮೇಲೆ ಮೊಗ್ಗುಗಳು ಬೆಳಿಗ್ಗೆ ಇಟ್ಟ ಹಾಗೆಯೇ ಇದ್ದವು, ತುದಿಯಲ್ಲಿ ಹಸಿರು ನೆರಳಿರುವ ಬಿಗಿಯಾದ ಬಿಳುಪು. ತೂಕ ಕಮ್ಮಿಯಾಗಿದ್ದು ತೀರಾ ಅಲ್ಪ. ಪಕ್ಕದಲ್ಲಿ ಬಯಲಿಗೆ ಇಟ್ಟಿದ್ದ ಹೂ ಆಗಲೇ ಸುಕ್ಕಾಗಿ ಹಳದಿಯಾಗಿತ್ತು. ಮೇಜಿನ ಮೇಲೆ ಹರಡಿದ ಮೇಲೆ, ಕೋಣೆಯ ಬಿಸಿ ತಾಗಿ, ಅವು ಒಂದೊಂದಾಗಿ ಅರಳಿದವು. ಮಲ್ಲಿಗೆಯ ದೊಡ್ಡ ಗುಣ ಅದು, ಬಳ್ಳಿಯಿಂದ ಬೇರೆಯಾದ ಮೇಲೂ ಹೊಸದಾಗಿ ಪರಿಮಳ ಹುಟ್ಟಿಸುತ್ತಲೇ ಇರುತ್ತದೆ. ಫ್ರಾನ್ಸಿನ ಗ್ರಾಸ್ ಪಟ್ಟಣದ ಅತ್ತರಿನವರು ಹಿಂದೆ ಕೊಯ್ದ ಮಲ್ಲಿಗೆಯನ್ನು ತಣ್ಣನೆಯ ಕೊಬ್ಬಿನ ಮೇಲೆ ಹರಡಿ ಅದರ ಕಂಪನ್ನು ಹೀರಿಸುತ್ತಿದ್ದದ್ದು ಈ ಗುಣವನ್ನು ನಂಬಿಯೇ. ಏಳು ಗಂಟೆಯ ಹೊತ್ತಿಗೆ ಸೋಲ್ಡರಿನ ವಾಸನೆ, ಸೀಮೆಸುಣ್ಣದ ಧೂಳಿನ ವಾಸನೆ ಎಲ್ಲ ಹಿಂದೆ ಸರಿದು, ಲ್ಯಾಬು ಮದುವೆಮನೆಯ ಒಳಕೋಣೆಯಂತೆ ಘಮಘಮಿಸುತ್ತಿತ್ತು. ಶಂಕರಪುರದವಳು ಬಾಳೆನಾರು ಸೀಳಿ ಕಟ್ಟಲು ಕೂತಳು. ಬೆರಳು ಕಾಣದಷ್ಟು ವೇಗ. ಹಡಗಲಿಯವಳು ಎದುರಿಗೆ ಕೂತು ಮೊಗ್ಗು ಜೋಡಿಸಿ ಕೊಡುತ್ತಿದ್ದಳು. ಸಸ್ಯಶಾಸ್ತ್ರದವನು ಗಂಟೆಯ ತೂಕ ಬರೆಯುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

ಆ ಮಡಕೆಯನ್ನು ಅವರು ಮೇ ತಿಂಗಳ ಕೊನೆಯವರೆಗೂ ಓಡಿಸಿದರು. ನೋಟ್‌ಬುಕ್ ಈಗ ನನ್ನ ಬಳಿ ಇದೆ. ಅಂಚುಗಳಿಗೆ ಒದ್ದೆ ಮರಳಿನ ಕಲೆ, ಒಂದು ಪುಟದ ನಡುವೆ ಕಂದಾಗಿ ಒಣಗಿದ ಒಂದು ಮೊಗ್ಗು, ಮುಟ್ಟಿದರೆ ಕಾಗದಕ್ಕಿಂತ ತೆಳು. ಮೂರನೇ ವಾರದ ಅಂಕಿಗಳಲ್ಲಿ ಒಂದು ವಿಚಿತ್ರ ಕಾಣುತ್ತದೆ: ಗಂಟೆಗೆ 40 ಗ್ರಾಂ ಇದ್ದದ್ದು 36, 33, 31. ತಾಪ ನಿಧಾನವಾಗಿ ಮೇಲಕ್ಕೆ. ಕೆಳಗೆ ಹಡಗಲಿಯವಳ ದುಂಡು ಅಕ್ಷರದಲ್ಲಿ ಪೆನ್ಸಿಲಿನ ಒಂದು ಸಾಲು: "ಮಡಕೆಯ ಹೆಗಲ ಮೇಲೆ ಬಿಳಿ ಪುಡಿಯ ಗೆರೆ. ನೆಕ್ಕಿ ನೋಡಿದೆ, ಉಪ್ಪುಪ್ಪು. ಬೋರ್‌ವೆಲ್ ನೀರಿನದೇ?" ಅದರ ಕೆಳಗೆ ಬೇರೆ ಕೈಬರಹದಲ್ಲಿ, ಬಹಳ ಮುದ್ದಾಗಿ: "ನಾಳೆಯಿಂದ ಎರಡು ಮಡಕೆ. ಒಂದಕ್ಕೆ ಮಳೆನೀರು."